ಮಾರ್ಚಿನಲ್ಲಿ ಕಡಿದ ಸೌದೆ, ಜುಲೈನಲ್ಲಿ ಕಟ್ಟುವ ಕೊಳವೆ

(ಕೊಡಗಿನಲ್ಲಿ ಸೌದೆ ಒಲೆ ಬಳಸುವ ಮನೆಯವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ಮೊದಲು ಮೇಜಿನ ಮೇಲಿರುವ ಈ ಎರಡು ಹೊಗೆಪೈಪಿನ ತುಂಡು ನೋಡಿ. ಎರಡೂ ಆರಿಂಚಿನವು, ತಗಡೂ ಒಂದೇ. ಎಡಗಡೆಯದರ ಒಳಗೆ ಬೆರಳಾಡಿಸಿದರೆ ಕಾಡಿಗೆಯಂಥ ಮಸಿ ಮೆತ್ತಿಕೊಳ್ಳುತ್ತದೆ, ಊದಿದರೆ ಹಾರಿಹೋಗುತ್ತದೆ. ಬಲಗಡೆಯದರ ಒಳಗೋಡೆ ಮಾತ್ರ ಹೊಳೆಯುತ್ತಿದೆ, ಬೆಲ್ಲದ ಪಾಕ ಹತ್ತಿಸಿಕೊಂಡ ಬಾಣಲೆ ತಳದ ಹಾಗೆ. ಉಗುರು ಹಾಕಿದರೆ ಜಾರುತ್ತದೆ. ಮೂಗಿನ ಹತ್ತಿರ ಹಿಡಿದರೆ ರಸ್ತೆಗೆ ಡಾಂಬರು ಹಾಕುವಾಗಿನ ವಾಸನೆ. ಪೈಪಿನ ಅಂಚಿನಲ್ಲಿ ಈ ಪದರ ಆರು ಮಿಲಿಮೀಟರ್ ದಪ್ಪ ಇದೆ, ಹೆಚ್ಚುಕಡಿಮೆ ಒಂದು ಪೆನ್ಸಿಲಿನಷ್ಟು.

ಎಡಗಡೆಯದನ್ನು ಬ್ರಷ್ ಹಾಕಿ ಹತ್ತು ನಿಮಿಷದಲ್ಲಿ ಬಿಡಿಸಬಹುದು. ಬಲಗಡೆಯದಕ್ಕೆ ಕಿಡಿ ತಾಗಿದರೆ ಕೊಳವೆಯೇ ಒಲೆಯಾಗಿ ಉರಿಯುತ್ತದೆ, ಒಳಗಿನ ಶಾಖ ಸಾವಿರ ಡಿಗ್ರಿ ದಾಟಬಹುದು. ಇವೆರಡರ ನಡುವೆ ಇಷ್ಟು ವ್ಯತ್ಯಾಸ ಬರಲು ಮುಖ್ಯ ಕಾರಣ ಸೌದೆ. ಅದಕ್ಕೇ ಇವತ್ತಿನ ಮಾತನ್ನು ಕೊಳವೆಯಿಂದಲ್ಲ, ಸೌದೆ ಕೊಟ್ಟಿಗೆಯಿಂದ ಶುರುಮಾಡುತ್ತೇವೆ.

ನಮ್ಮ ಕ್ಯಾಲೆಂಡರೇ ತೊಡಕು

ಚಳಿ ದೇಶದವರು ಬರೆದ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ‘ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ ಚಿಮಣಿ ಗುಡಿಸಿ’ ಎಂದಿರುತ್ತದೆ. ಅಲ್ಲಿ ಬೇಸಿಗೆಯಿಡೀ ಒಣಗಿದ ಸೌದೆ ಚಳಿಗಾಲದಲ್ಲಿ ಒಲೆಗೆ ಬೀಳುತ್ತದೆ. ನಮ್ಮಲ್ಲಿ ನಡೆಯುವುದು ಹೀಗೆ: ರೊಬಸ್ಟಾ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಫೆಬ್ರವರಿ ಕಳೆದಿರುತ್ತದೆ. ಆಮೇಲೆ ಗಿಡಕಸಿ, ಮರಕಸಿ, ಅಂದರೆ ಕಾಫಿ ಗಿಡದ, ನೆರಳು ಮರದ ಕೊಂಬೆ ಸವರುವ ಕೆಲಸ. ಸಿಲ್ವರ್ ಓಕ್, ಹಾಲುವಾಣ, ಅತ್ತಿ, ಹಲಸಿನ ಕೊಂಬೆಗಳು, ಕಾಫಿಯ ಹಳೇ ಬೊಡ್ಡೆಗಳು ಎಲ್ಲಾ ಮಾರ್ಚಿನಿಂದ ಮೇವರೆಗೆ ನೆಲಕ್ಕೆ ಬೀಳುತ್ತವೆ. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ. ಒಲೆ ಹಗಲೂ ರಾತ್ರಿ ಉರಿಯುವುದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡದಲ್ಲಿ. ಅಂದರೆ ಕೊಯ್ದ ಸೌದೆಗೆ ಒಣಗಲು ಸಿಗುವುದು ಎರಡು ಮೂರು ತಿಂಗಳು. ಅಷ್ಟರಲ್ಲಿ ಕೈಬೆರಳು ದಪ್ಪದ ರೆಂಬೆ ಒಣಗುತ್ತದೆ. ತೊಡೆ ದಪ್ಪದ ಕಾಫಿ ಬೊಡ್ಡೆ ಒಣಗುವುದಿಲ್ಲ.

ಹಸಿ ಸೌದೆಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರು. ಅಂಥ ಹತ್ತು ಕಿಲೋ ಒಲೆಗೆ ಹಾಕಿದರೆ ಐದು ಲೀಟರ್ ನೀರನ್ನು ಉರಿಯೇ ಕುದಿಸಿ ಆವಿ ಮಾಡಬೇಕು. ಒಣ ಸೌದೆಯಲ್ಲಿ, ಅಂದರೆ ತೇವ 20 ಪರ್ಸೆಂಟ್ ಇರುವುದರಲ್ಲಿ, ಅದು ಎರಡೇ ಲೀಟರ್. ಇದರ ಮೇಲೆ ಪೂರ್ತಿ ಒಣಗಿದ ಮರ ಉರಿದರೂ ಅದರಲ್ಲಿರುವ ಜಲಜನಕದಿಂದ ಕಿಲೋಗೆ ಸುಮಾರು ಅರ್ಧ ಲೀಟರಿನಷ್ಟು ನೀರಾವಿ ಹುಟ್ಟುತ್ತದೆ. ಅದನ್ನು ತಪ್ಪಿಸಲಾಗದು. ತಪ್ಪಿಸಬಹುದಾದದ್ದು ಆ ಮೇಲಿನ ಮೂರು ಲೀಟರ್.

ನೀರು ಉರಿಯ ಶಾಖವನ್ನು ತಿಂದುಹಾಕುತ್ತದೆ. ಮರ ಕಾದಾಗ ಬಿಡುವ ಹೊಗೆಯಲ್ಲಿ ಎಣ್ಣೆ, ಆಮ್ಲ, ಟಾರ್ ಎಲ್ಲ ಇರುತ್ತವೆ. ಒಲೆಯೊಳಗೆ 600 ಡಿಗ್ರಿ ಆಸುಪಾಸು ಶಾಖ ಇದ್ದರೆ ಈ ಹೊಗೆಯೂ ಉರಿದು ಹೋಗುತ್ತದೆ, ಮಾಡಿನ ಮೇಲೆ ಬಿಸಿಗಾಳಿ ಅಲೆಯಾಡುವುದಷ್ಟೇ ಕಾಣುತ್ತದೆ. ಶಾಖ ಸಾಲದಿದ್ದರೆ ಹೊಗೆ ಹೊಗೆಯಾಗಿಯೇ ಕೊಳವೆ ಏರುತ್ತದೆ. ಕೊಳವೆಯ ಗೋಡೆ 120 ಡಿಗ್ರಿಗಿಂತ ತಣ್ಣಗಿರುವ ಕಡೆ ನೀರಾವಿಯ ಜೊತೆ ಟಾರೂ ಹನಿಗಟ್ಟಿ ಅಂಟುತ್ತದೆ. ಇಂಗ್ಲಿಷಿನಲ್ಲಿ ಕ್ರಿಯೋಸೋಟ್ ಅನ್ನುವುದು ಇದಕ್ಕೇ. ನಾವು ಡಾಂಬರು ಮಸಿ ಅನ್ನೋಣ. ಅಡುಗೆಮನೆ ಮಾಡಿನಿಂದ ಜೋತುಬೀಳುವ ಇಲ್ಲಣದ ಜೊತೆ ಇದನ್ನು ಸೇರಿಸಬೇಡಿ. ಇಲ್ಲಣ ಒಲೆಯ ಬಾಯಿಂದ ಹೊರಬಿದ್ದ ಹೊಗೆಯದು, ಪೊರಕೆಗೆ ಬರುತ್ತದೆ.

ಸೌದೆಯ ಜಾತಿಯ ಬಗ್ಗೆ ತುಂಬಾ ಮಾತಿದೆ. ಸಿಲ್ವರ್ ಓಕ್ ಮಸಿ ಕಟ್ಟುತ್ತದೆ, ಕಾಫಿ ಕಟ್ಟಿಗೆ ಕಟ್ಟುವುದಿಲ್ಲ ಅಂತ. ನಮ್ಮ ಪ್ರಕಾರ ಜಾತಿಗಿಂತ ತೇವ ಮುಖ್ಯ. ಒಣಗಿದ ಸಿಲ್ವರ್ ಓಕ್ ಬೇಗ ಉರಿದು ಮುಗಿಯುತ್ತದೆ, ಕೊಳವೆ ಸ್ವಚ್ಛವಾಗಿಯೇ ಇರುತ್ತದೆ. ಅರೆಹಸಿ ಕಾಫಿ ಬೊಡ್ಡೆ ರಾತ್ರಿಯಿಡೀ ಹೊಗೆಯಾಡುತ್ತದೆ, ಕೊಳವೆಯನ್ನು ಕಟ್ಟಿಸುತ್ತದೆ.

ತೇವ ಅಳೆಯಲು ಎರಡು ಮುಳ್ಳಿನ ಮೀಟರ್ ಸಿಗುತ್ತದೆ. ಸೌದೆಯ ಹೊರಮೈಗೆ ಚುಚ್ಚಬೇಡಿ. ಆಗಷ್ಟೇ ಸೀಳಿ, ಸೀಳಿದ ಮುಖದ ನಡುವೆ ಚುಚ್ಚಿ. ಇನ್ನೊಂದು ಸೂಕ್ಷ್ಮ: ಸಾಮಾನ್ಯವಾಗಿ ಈ ಮೀಟರುಗಳು ಒಣ ತೂಕದ ಮೇಲಿನ ಪರ್ಸೆಂಟ್ ತೋರಿಸುತ್ತವೆ. ನಾವು ಹೇಳುತ್ತಿರುವ 20, ಅಂದರೆ ಒಟ್ಟು ತೂಕದಲ್ಲಿ ನೀರಿನ ಪಾಲು, ಆ ಮೀಟರಿನಲ್ಲಿ 25 ಅಂತ ಕಾಣುತ್ತದೆ. ಮೀಟರ್ ಇಲ್ಲದಿದ್ದರೆ ಎರಡು ಸೀಳು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ದಪ್ ಅನ್ನುತ್ತದೆ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ತೊಗಟೆ ಸಡಿಲವಾಗಿರಬೇಕು. ಉರಿಯುವಾಗ ಸೌದೆಯ ಹಿಂದಿನ ತುದಿಯಲ್ಲಿ ನೊರೆ ಬಂದು ಸುಂಯ್ಯೆಂದರೆ ಮುಂದಿನ ಪರೀಕ್ಷೆಯೇ ಬೇಡ.

ಕೊಡಗಿನ ಮಳೆಗಾಲಕ್ಕೆ ಮತ್ತೂ ಒಂದು ತೊಂದರೆ ಇದೆ. ಮರ ಗಾಳಿಯ ತೇವಕ್ಕೆ ತಕ್ಕಂತೆ ನೀರು ಬಿಡುತ್ತದೆ, ಹಾಗೇ ಹೀರುತ್ತದೆ. ಗಾಳಿಯ ಆರ್ದ್ರತೆ 55-60 ಪರ್ಸೆಂಟ್ ಇರುವ ಫೆಬ್ರವರಿಯಲ್ಲಿ ಸೌದೆ ಮೀಟರಿನ 10-11ರವರೆಗೂ ಇಳಿಯಬಲ್ಲದು. ಆರ್ದ್ರತೆ 90 ದಾಟಿದರೆ, ಮಾಡಿನ ಕೆಳಗೆ ಒಂದು ಹನಿ ನೀರು ಬೀಳದಿದ್ದರೂ ಅದೇ ಸೌದೆ ನಿಧಾನವಾಗಿ 20ಕ್ಕೆ, ಇನ್ನೂ ಮೇಲಕ್ಕೆ ಏರುತ್ತದೆ. ಹಾಗಾಗಿ ಕೊಟ್ಟಿಗೆಯಲ್ಲಿಟ್ಟ ಹಸಿ ಸೌದೆ ಜುಲೈನಲ್ಲಿ ಒಣಗುತ್ತದೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ. ಭಾಗಮಂಡಲ, ಶಾಂತಳ್ಳಿ ಕಡೆಯವರಿಗೆ ಇದು ಹೇಳಿ ತಿಳಿಸಬೇಕಾದ್ದಲ್ಲ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿಯವರಿಗೆ ಸ್ವಲ್ಪ ಬಿಡುವಿದೆ.

ಈ ವರ್ಷ ಕಡಿದದ್ದು ಮುಂದಿನ ವರ್ಷದ ಮಳೆಗೆ ಅಂತ ಎರಡು ರಾಶಿ ಇಟ್ಟುಕೊಳ್ಳುವುದೇ ಇದಕ್ಕೆ ದಾರಿ. ನಾಲ್ಕಿಂಚಿಗಿಂತ ದಪ್ಪ ಬಿಡದೆ ಸೀಳಿ. ತೊಗಟೆಯ ಮೂಲಕ ನೀರು ಹೋಗುವುದು ಕಡಿಮೆ, ಸೀಳಿದ ಮುಖದಿಂದಲೇ ಹೋಗಬೇಕು. ನೆಲದಿಂದ ಎಂಟಿಂಚು ಎತ್ತರಕ್ಕೆ ಕಲ್ಲು ಅಥವಾ ಅಡಿಕೆ ದಬ್ಬೆ ಕೊಟ್ಟು ಪೇರಿಸಿ. ಬೇಸಿಗೆಯಲ್ಲಿ ನಾಲ್ಕೂ ಕಡೆ ತೆರೆದಿಡಿ. ಮೇ ಕೊನೆಗೆ ಮಳೆ ಬೀಸುವ ಪಡುವಣ ಕಡೆಗೆ ಮಾತ್ರ ಟಾರ್ಪಾಲು ಇಳಿಬಿಡಿ. ರಾಶಿಗೇ ಟಾರ್ಪಾಲು ಸುತ್ತಿದರೆ ಒಳಗೆ ಬೂಸಲು ಹಿಡಿಯುತ್ತದೆ. ಮಳೆಗಾಲದಲ್ಲಿ ಎರಡು ಮೂರು ದಿನಕ್ಕಾಗುವಷ್ಟು ಸೌದೆಯನ್ನು ಒಲೆಯ ಕೋಣೆಯೊಳಗೆ ತಂದಿಡಿ, ಒಲೆಯಿಂದ ಮೂರಡಿ ದೂರದಲ್ಲಿ. ಒಲೆಯ ಮೈಗೇ ಒರಗಿಸಿಡುವುದು ಬೇಡ.

ಕೊಳವೆಯ ಅಳತೆ, ದಾರಿ

ಮನೆಗಳಲ್ಲಿ ಇರುವುದು ಸ್ಥೂಲವಾಗಿ ಮೂರು ಬಗೆ. ಒಂದು, ಇಟ್ಟಿಗೆಯ ಹಳೇ ಚಿಮಣಿ, ಬಂಗಲೆಗಳ ಬೆಂಕಿಗೂಡಿನದು. ಎರಡು, ಅಸ್ತ್ರ ಒಲೆಯಂಥ ಮಣ್ಣು-ಇಟ್ಟಿಗೆಯ ಒಲೆಗೆ ಕೂರಿಸಿದ ನಾಲ್ಕಿಂಚಿನ ಸಿಮೆಂಟ್ ಪೈಪು. ಅಸ್ತ್ರ ಒಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದ ಕೊಡುಗೆ. ಮೂರು, ಕಬ್ಬಿಣದ ಒಲೆಗೋ ಬಚ್ಚಲಿನ ಸೌದೆ ಬಾಯ್ಲರಿಗೋ ಜೋಡಿಸಿದ ತಗಡಿನ ಪೈಪು, ಸಾಮಾನ್ಯವಾಗಿ ಆರಿಂಚಿನದು. ಹೆಚ್ಚು ತೊಂದರೆ ಕೊಡುವುದು ಮೂರನೆಯದು, ಹಾಗಾಗಿ ಅದನ್ನೇ ಹೆಚ್ಚು ನೋಡೋಣ.

ಪೈಪು ಸಣ್ಣದಾದಷ್ಟೂ ಮಸಿಯ ಹೊಡೆತ ಜೋರು. ಸುತ್ತಲೂ ಆರು ಮಿಲಿಮೀಟರ್ ಕಟ್ಟಿದರೆ ಆರಿಂಚಿನ ಪೈಪಿನಲ್ಲಿ ಹೊಗೆಯ ದಾರಿ 15 ಪರ್ಸೆಂಟ್ ಕಿರಿದಾಗುತ್ತದೆ. ನಾಲ್ಕಿಂಚಿನದರಲ್ಲಿ ಹತ್ತಿರ ಹತ್ತಿರ ಕಾಲುಭಾಗವೇ ಹೋಗುತ್ತದೆ. ‘ಹೋದ ವರ್ಷ ಚೆನ್ನಾಗಿ ಎಳೀತಿತ್ತು, ಈ ವರ್ಷ ಹೊಗೆ ಮುಖಕ್ಕೇ ಬರ್ತದೆ’ ಅನ್ನುವ ದೂರಿನಲ್ಲಿ ಬಹಳಷ್ಟು ಇದೇ.

ತಗಡು 24 ಗೇಜಿಗಿಂತ ತೆಳು ಬೇಡ. ಒಲೆಯಿಂದ ಹೊರಟ ಮೊದಲ ನಾಲ್ಕಡಿ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು ಹಾಕಬೇಡಿ. ಅದರ ಮೇಲಿನ ಸತು 419 ಡಿಗ್ರಿಗೆ ಕರಗುತ್ತದೆ, ಜೋರು ಉರಿಯಲ್ಲಿ ಅದರ ಹೊಗೆ ವಿಷ. ಅಲ್ಲಿ ಕಪ್ಪು ಕಬ್ಬಿಣದ ಪೈಪು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಇರಲಿ.

ಜೋಡಣೆಯಲ್ಲಿ ವೆಲ್ಡಿಂಗ್ ಶಾಪಿನವರು ಮಾಡುವ ಒಂದು ತಪ್ಪು ತೀರಾ ಸಾಮಾನ್ಯ. ಕೆಳಗಿನ ಪೈಪನ್ನು ಮೇಲಿನದರ ಒಳಗೆ ತೂರಿಸಿ ಕೂರಿಸುತ್ತಾರೆ, ಮಾಡಿನ ನೀರಿನ ಪೈಪು ಜೋಡಿಸುವುದರ ಉಲ್ಟಾ. ಹೊಗೆ ಕೆಳಗಿಂದ ಮೇಲೆ ಹೋಗುತ್ತದೆ ಅನ್ನುವ ಲೆಕ್ಕ ಅವರದ್ದು. ಆದರೆ ಜೋಡಣೆ ನೋಡಿಕೊಳ್ಳಬೇಕಾದ್ದು ಹೊಗೆಯನ್ನಲ್ಲ, ಇಳಿದು ಬರುವ ಡಾಂಬರು ನೀರನ್ನು. ಮೇಲಿನ ಪೈಪಿನ ಕಿರಿದು ಮಾಡಿದ ತುದಿ ಕೆಳಗಿನ ಪೈಪಿನ ಒಳಗೆ ಇಳಿಯಬೇಕು. ಆಗ ಹನಿ ಒಳಗೇ ಜಾರಿ ಒಲೆಗೆ ಬಿದ್ದು ಉರಿಯುತ್ತದೆ. ಉಲ್ಟಾ ಇದ್ದರೆ ಪ್ರತಿ ಜೋಡಣೆಯಲ್ಲೂ ಗೋಡೆ ಮೇಲೆ ಕಂದು ಗೆರೆ ಇಳಿಯುತ್ತದೆ, ಅದು ಸುಣ್ಣ ಬಳಿದರೂ ಹೋಗದು. ಪ್ರತಿ ಜೋಡಣೆಗೆ ಮೂರು ಸ್ಕ್ರೂ ಹಾಕಿ. ರಿವೆಟ್ ಬೇಡ, ವೆಲ್ಡಿಂಗಂತೂ ಬೇಡವೇ ಬೇಡ, ಬಿಚ್ಚಲು ಬರಬೇಕು.

ಅಡ್ಡ ಓಟ ಕಡಿಮೆಯಿದ್ದಷ್ಟು ಒಳ್ಳೆಯದು. ಇದ್ದರೂ ಮೀಟರಿಗೆ ಎರಡು ಸೆಂಟಿಮೀಟರಿನಂತೆ ಮೇಲಕ್ಕೆ ಏರಬೇಕು. 90 ಡಿಗ್ರಿ ಬೆಂಡ್ ಎರಡಕ್ಕಿಂತ ಹೆಚ್ಚು ಬೇಡ. ಅದರ ಬದಲು 45ರ ಎರಡು ಹಾಕಿದರೆ ಮಸಿ ನಿಲ್ಲುವುದು ಕಡಿಮೆ. ಒಲೆಯಿಂದ ಕೊಳವೆ ತುದಿಯ ಟೋಪಿಯವರೆಗೆ ಒಟ್ಟು ಎತ್ತರ 15 ಅಡಿ ಇದ್ದರೆ ಎಳೆತ ಚೆನ್ನಾಗಿರುತ್ತದೆ. ಮಾಡಿನಿಂದ ಹೊರಬಂದ ಜಾಗದಿಂದ ಕನಿಷ್ಠ ಮೂರಡಿ ಮೇಲೆ, ಮತ್ತು ಹತ್ತಡಿ ದೂರದೊಳಗಿನ ಮಾಡಿನ ಕೋಡಿಗಿಂತ ಎರಡಡಿ ಮೇಲೆ ಕೊಳವೆಯ ಬಾಯಿ ಇರಬೇಕು. ಇಲ್ಲದಿದ್ದರೆ ಇಳಿಜಾರಿನ ಗಾಳಿ ಕೋಡಿ ದಾಟಿ ಮಗುಚಿ ಬಿದ್ದು ಹೊಗೆಯನ್ನು ಒಳಗೇ ಒತ್ತುತ್ತದೆ. ಗುಡ್ಡದ ಬುಡದ ಮನೆಗಳಲ್ಲಿ ಇದು ಗೊತ್ತಿರುವುದೇ.

ಹೆಂಚು ಒಡೆಯುವ ರಗಳೆ ಬೇಡ ಅಂತ ಪೈಪನ್ನು ಗೋಡೆಯಿಂದ ಸೀದಾ ಹೊರಗೆ ತೆಗೆದು ಹೊರಗೋಡೆಯ ಮೇಲೆ ಹತ್ತಿಸುವ ಪದ್ಧತಿ ಈಗೀಗ ಹೆಚ್ಚಾಗಿದೆ. ನಮಗೆ ಇದು ಇಷ್ಟವಿಲ್ಲ. ಮಳೆಯಲ್ಲಿ ನೆನೆಯುವ ಒಂಟಿ ತಗಡು ಅಂದರೆ ಹೊಗೆಯನ್ನು ತಣ್ಣಗೆ ಮಾಡುವ ಯಂತ್ರವೇ. ಹೊರಗೇ ಹೋಗಬೇಕಾದರೆ ಜೋಡಿ ಪೈಪು ಹಾಕಿ, ನಡುವೆ ಕನಿಷ್ಠ ಒಂದಿಂಚು ರಾಕ್‌ವೂಲ್ (ಬೆಂಕಿ ಹಿಡಿಯದ, ಕಲ್ಲಿನಿಂದ ಮಾಡಿದ ಉಣ್ಣೆ) ತುಂಬಿಸಿ. ಥರ್ಮೊಕೋಲ್, ತೆಂಗಿನ ನಾರು ತುಂಬಿದ್ದನ್ನೂ ಕಂಡಿದ್ದೇವೆ. ಅದು ಬೆಂಕಿಗೆ ಬತ್ತಿ ಇಟ್ಟ ಹಾಗೆ.

ಇನ್ನು ಅಟ್ಟ. ಒಂಟಿ ತಗಡಿನ ಪೈಪಿನಿಂದ ಮರದ ಪಕಾಸಿ, ರೀಪು, ಹಲಗೆ ಎಲ್ಲಕ್ಕೂ 18 ಇಂಚು ಅಂತರ ಬೇಕು. ‘ಇಪ್ಪತ್ತು ವರ್ಷದಿಂದ ಮೂರಿಂಚಿನಲ್ಲೇ ಇದೆ, ಏನೂ ಆಗಿಲ್ಲ’ ಅನ್ನುವುದು ಧೈರ್ಯಕ್ಕೆ ಕಾರಣವಾಗಬಾರದು. ವರ್ಷಗಟ್ಟಲೆ ಕಾದ ಮರ ಒಳಗೊಳಗೇ ಇದ್ದಿಲಿನತ್ತ ತಿರುಗುತ್ತದೆ, ಹೊಸ ಮರಕ್ಕಿಂತ ಎಷ್ಟೋ ಕಡಿಮೆ ಶಾಖಕ್ಕೆ ಹೊತ್ತಿಕೊಳ್ಳುತ್ತದೆ. ಅಟ್ಟದಲ್ಲಿ ಪೈಪಿನ ಪಕ್ಕ ಹುಲ್ಲು, ಗೋಣಿಚೀಲ, ಬುಟ್ಟಿ ಇದ್ದರೆ ಇವತ್ತೇ ಸರಿಸಿ.

ಮೇ ತಿಂಗಳಲ್ಲಿ ಮೇಲಿನಿಂದ, ಆಗಸ್ಟಿನಲ್ಲಿ ಕೆಳಗಿನಿಂದ

ಎಷ್ಟು ಸಲ ಗುಡಿಸಬೇಕು? ಮಸಿ ಮೂರು ಮಿಲಿಮೀಟರ್ ಆದಾಗ. ತಿಂಗಳಿಗೊಮ್ಮೆ ಟಾರ್ಚು, ಕನ್ನಡಿ ಅಥವಾ ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ, ಮೊಳೆಯಿಂದ ಕೆರೆದು ಸ್ಕೇಲಿನಲ್ಲಿ ಅಳೆಯಿರಿ. ಪಶ್ಚಿಮದ ಮಳೆ ಸೀಮೆಯಲ್ಲಿ ಒಲೆ ದಿನವಿಡೀ ಉರಿಸುವವರಿಗೆ ಎರಡು ಸಲ ಬೇಕೇ ಬೇಕು: ಮೇ ಎರಡನೇ ವಾರದೊಳಗೆ ಒಮ್ಮೆ, ಆಗಸ್ಟಿನಲ್ಲಿ ಇನ್ನೊಮ್ಮೆ. ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಮುಹೂರ್ತದ ಹಬ್ಬದೊಳಗೆ ಅಂತ ನೆನಪಿಟ್ಟುಕೊಂಡರೆ ಸಾಕು. ಕೊಳವೆ ಹೆಚ್ಚು ಕಟ್ಟುವುದು ಜೂನ್‌ನಿಂದ ಆಗಸ್ಟಿನವರೆಗೆ; ವರ್ಷಕ್ಕೊಮ್ಮೆ ಅಂತ ಕೂತರೆ ಅಪಾಯದ ಕಾಲವನ್ನು ಪೂರ್ತಿ ಹಾಗೇ ದಾಟಿರುತ್ತೀರಿ.

ಆದರೆ ಆಗಸ್ಟಿನಲ್ಲಿ ಪಾಚಿ ಹಿಡಿದ ಮಂಗಳೂರು ಹೆಂಚಿನ ಮೇಲೆ ಯಾರೂ ಹತ್ತಬಾರದು. ಆ ಸಲದ ಕೆಲಸ ಕೆಳಗಿನಿಂದಲೇ ಆಗಬೇಕು. ಅದಕ್ಕೆ ಬೇಕಾದ ಏರ್ಪಾಡನ್ನು ಏಪ್ರಿಲ್-ಮೇನಲ್ಲೇ ಮಾಡಿಟ್ಟುಕೊಳ್ಳಬೇಕು: ನೇರ ಕೊಳವೆ ಶುರುವಾಗುವ ಬುಡದಲ್ಲಿ ಎಲ್ಬೋ (ಬೆಂಡ್) ತೆಗೆದು ಟೀ, ಅಂದರೆ T ಆಕಾರದ ಮೂರು ಬಾಯಿಯ ತುಂಡು ಹಾಕಿಸಿ, ಅದರ ಕೆಳಬಾಯಿಗೆ ಬಿಗಿಯಾದ ಮುಚ್ಚಳ. ಇದಕ್ಕಿಂತ ಹೆಚ್ಚು ಉಪಕಾರಿಯಾದ ಖರ್ಚು ಈ ವ್ಯವಸ್ಥೆಯಲ್ಲಿ ಬೇರೆ ಇಲ್ಲ.

ಮೇ ತಿಂಗಳ ಕೆಲಸ ಹೀಗೆ. ಬಿಸಿಲು ಬಿದ್ದು ಹೆಂಚು ಒಣಗಿರುವ ದಿನ ನೋಡಿಕೊಳ್ಳಿ. ಕೋಡಿಗೆ ಕೊಕ್ಕೆ ಹಾಕುವ ಏಣಿಯನ್ನು ಮಾಡಿನ ಮೇಲೆ ಮಲಗಿಸಿ, ಏಣಿಯ ಮೇಲೇ ಇರಿ. ಹೆಂಚಿನ ನಡುವೆ ಕಾಲಿಡಬೇಡಿ. ಕರೆಂಟು ತಂತಿ ಎಲ್ಲಿದೆ ಅಂತ ಮೊದಲು ನೋಡಿ. ಟೋಪಿ ಬಿಚ್ಚಿ. ಕಿಡಿ ತಡೆಯುವ ಬಲೆ ಇದ್ದರೆ ಅದರ ಕಣ್ಣು ಅರ್ಧ ಇಂಚಿಗಿಂತ ಸಣ್ಣದಿರಬಾರದು; ಸೊಳ್ಳೆಬಲೆಯಂಥದ್ದು ಹಾಕಿದರೆ ಜುಲೈ ಕೊನೆಗೆ ಪೂರ್ತಿ ಮುಚ್ಚಿರುತ್ತದೆ. ಬ್ರಷ್ ಪೈಪಿನ ಒಳ ಅಳತೆಯಷ್ಟೇ ಇರಲಿ. ಕಪ್ಪು ಕಬ್ಬಿಣಕ್ಕೆ, ಇಟ್ಟಿಗೆಗೆ ತಂತಿಯ ಬ್ರಷ್. ಸ್ಟೇನ್‌ಲೆಸ್ ಸ್ಟೀಲಿಗೆ ನೈಲಾನಿನದು. ಬ್ರಷ್ ಸಿಗದಿದ್ದರೆ ಕೋಳಿಗೂಡಿಗೆ ಹಾಕುವ ತಂತಿಬಲೆಯನ್ನು ಪೈಪಿಗಿಂತ ತುಸು ದೊಡ್ಡ ಉಂಡೆ ಮಾಡಿ, ಎರಡೂ ಕಡೆ ಹಗ್ಗ ಕಟ್ಟಿ, ಮೇಲೊಬ್ಬರು ಕೆಳಗೊಬ್ಬರು ಗರಗಸದಂತೆ ಎಳೆದಾಡಿ. ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಬಡಿಯುವ ಹಳೇ ಕ್ರಮ ಇಟ್ಟಿಗೆ ಚಿಮಣಿಯ ಒಳಗಾರೆಯನ್ನೂ ಬೀಳಿಸುತ್ತದೆ.

ಆಗಸ್ಟಿನ ಕೆಲಸಕ್ಕೆ ಹಿಂದಿನ ದಿನವೇ ಒಲೆ ಆರಿಸಿ. ಕಬ್ಬಿಣದ ಒಲೆಗೆ 12 ಗಂಟೆ, ಇಟ್ಟಿಗೆಯದಕ್ಕೆ 24 ಗಂಟೆ ಬಿಡಿ. ಬೂದಿಯೊಳಗೆ ಕೆಂಡ ಒಂದು ದಿನಕ್ಕಿಂತ ಹೆಚ್ಚು ಬದುಕಿರುತ್ತದೆ, ಆದ್ದರಿಂದ ಬೂದಿಯನ್ನು ಮುಚ್ಚಳದ ತಗಡಿನ ಡಬ್ಬಿಗೆ ತುಂಬಿ ಅಂಗಳದಲ್ಲಿಡಿ, ಮೂರು ದಿನ ಮುಟ್ಟಬೇಡಿ. ಒಲೆಯ ಬಾಯಿಗೆ ಒದ್ದೆ ಗೋಣಿಚೀಲ ತುರುಕಿ. ಎನ್95 ಮಾಸ್ಕ್, ಕನ್ನಡಕ, ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಟೀಯ ಮುಚ್ಚಳ ತೆಗೆದು ಆ ಬಾಯಿಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಪ್ಯಾಕಿಂಗ್ ಟೇಪಿನಿಂದ ಸುತ್ತಿ ಬಿಗಿಯಿರಿ. ಬ್ರಷ್ ಚೀಲದ ಒಳಗೇ ಇರಬೇಕು, ಅದರ ಕಡ್ಡಿ ಮಾತ್ರ ಚೀಲದ ತಳಕ್ಕೆ ಮಾಡಿದ ಸಣ್ಣ ತೂತಿನಿಂದ ಹೊರಗೆ. ಮಸಿಯೆಲ್ಲ ಚೀಲಕ್ಕೇ ಬೀಳುತ್ತದೆ, ಅಡುಗೆಮನೆ ಉಳಿಯುತ್ತದೆ.

ಮೂರಡಿಯ ಬಳುಕುವ ಕಡ್ಡಿಗಳನ್ನು ಒಂದಕ್ಕೊಂದು ತಿರುಗಿಸಿ ಸೇರಿಸುತ್ತಾ ಮೇಲಕ್ಕೆ ತಳ್ಳಿ. ಒಂದಡಿ ಏರಿಸಿ, ಅಲ್ಲೇ ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಮತ್ತೆ ಒಂದಡಿ. ತಿರುಗಿಸುವುದಾದರೆ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಿ. ಉಲ್ಟಾ ತಿರುಗಿಸಿದರೆ ಒಳಗೆ ಕಡ್ಡಿಯ ತಿರುಪು ಬಿಚ್ಚಿಕೊಂಡು ಬ್ರಷ್ ಕೊಳವೆಯ ನಡುವೆ ಕೂತುಬಿಡುತ್ತದೆ. ಮಳೆ ಬಿಡುವವರೆಗೂ ಅದಕ್ಕೆ ಗತಿಯಿಲ್ಲ. ಕೊಳವೆಯ ಉದ್ದವನ್ನು ಮೇನಲ್ಲೇ ಅಳೆದು ಕಡ್ಡಿಗೆ ಟೇಪಿನ ಗುರುತು ಹಾಕಿಟ್ಟುಕೊಳ್ಳಿ, ಇಲ್ಲದಿದ್ದರೆ ಬ್ರಷ್ ಟೋಪಿಗೆ ಗುದ್ದಿ ಅದನ್ನು ಹಾರಿಸುತ್ತದೆ. ಕೊನೆಯ ಮೂರಡಿಗೆ ದುಪ್ಪಟ್ಟು ಹೊತ್ತು ಕೊಡಿ. ಎಲ್ಲಕ್ಕಿಂತ ತಣ್ಣಗಿರುವ, ಎಲ್ಲಕ್ಕಿಂತ ಹೆಚ್ಚು ಕಟ್ಟುವ ಜಾಗ ಅದು.

ಬಿದ್ದದ್ದನ್ನು ಅಳೆದು ನೋಡಿ. ಆರಿಂಚಿನ, ಹನ್ನೆರಡಡಿಯ ಪೈಪಿನಲ್ಲಿ ಉದ್ದಕ್ಕೂ ಮೂರು ಮಿಲಿಮೀಟರ್ ಇದ್ದರೆ ಸುಮಾರು ಐದು ಲೀಟರ್ ಆಗುತ್ತದೆ. ಅದಕ್ಕಿಂತ ಹೆಚ್ಚು ಬಿದ್ದರೆ ತಡಮಾಡಿದ್ದೀರಿ. ಮೆತ್ತನೆಯ ಕಂದು-ಕಪ್ಪು ಪುಡಿಯಾದರೆ ಚಿಂತೆಯಿಲ್ಲ. ಹಪ್ಪಳದ ಚೂರಿನಂಥ ಹೊಳಪಿನ ಚಕ್ಕೆಗಳಾದರೆ ಉರಿಗೆ ಗಾಳಿ ಸಾಲುತ್ತಿಲ್ಲ ಅಥವಾ ಸೌದೆ ಹಸಿ. ಬ್ರಷ್ ಜಾರಿಕೊಂಡು ಹೋಗಿ ಏನೂ ಬೀಳದಿದ್ದರೆ ಖುಷಿಪಡಬೇಡಿ, ಟಾರ್ಚಿನ ಬೆಳಕು ಬಿಟ್ಟು ನೋಡಿ. ಆ ಬಲಗಡೆಯ ಪೈಪಿನ ಹಾಗೆ ಗಾಜಿನಂತೆ ಕಟ್ಟಿರಬಹುದು. ಅದನ್ನು ಉಳಿಯಿಂದ ಕೆತ್ತಲು ಹೋಗಬೇಡಿ. ತಗಡಿನ ಪೈಪಾದರೆ ಬದಲಾಯಿಸುವುದೇ ಅಗ್ಗ.

ಅಸ್ತ್ರ ಒಲೆಯವರು ಕೊಳವೆಯ ಜೊತೆ ಮೂರನೇ ಪಾತ್ರೆಯ ಕೆಳಗಿನ ಹೊಗೆದಾರಿಯನ್ನೂ ಕೈಹಾಕಿ ಬಳಿದು ತೆಗೆಯಬೇಕು. ಕೊಳವೆ ಸ್ವಚ್ಛ ಇದ್ದೂ ಹೊಗೆ ಹಿಂದೆ ಬರುವುದಕ್ಕೆ ಅಲ್ಲಿ ನಿಂತ ಬೂದಿ ಕಾರಣ.

ಮತ್ತೆ ಜೋಡಿಸುವಾಗ ಪ್ರತಿ ಬೆಂಡಿನ ಹೊರಮೈಯನ್ನು ಹೆಬ್ಬೆರಳಿನಿಂದ ಒತ್ತಿ. ಡಾಂಬರು ನೀರಿನಲ್ಲಿ ಆಮ್ಲ ಇರುವುದರಿಂದ ತಗಡು ಒಳಗಿನಿಂದ ತಿಂದುಹೋಗಿರುತ್ತದೆ, ಹೊರಗಿನ ಬಣ್ಣ ಮಾತ್ರ ನೆಟ್ಟಗಿರುತ್ತದೆ. ಅದುಮಿದರೆ ಬಗ್ಗುವುದು ಬದಲಾಗಬೇಕು. ಒಲೆ ಮತ್ತು ಪೈಪು ಸೇರುವಲ್ಲಿ ಹುತ್ತದ ಮಣ್ಣನ್ನು ಜರಡಿ ಹಿಡಿದು, ಅದಕ್ಕೆ ಅರ್ಧದಷ್ಟು ಸಣ್ಣ ಮರಳು ಬೆರೆಸಿ ಮೆತ್ತಿದರೆ ಸಾಕು. ಬಿರುಕು ಬಿಟ್ಟಾಗ ಮತ್ತೆ ಮೆತ್ತಬಹುದು. ಅಲ್ಲಿ ಎಂ-ಸೀಲ್, ಸಿಲಿಕೋನ್ ಹಾಕಬೇಡಿ, ಸುಟ್ಟುಹೋಗುತ್ತವೆ. ಸಿಲಿಕೋನ್ ಏನಿದ್ದರೂ ಮೇಲೆ, ಹೆಂಚಿನ ಹತ್ತಿರದ ತಗಡಿನ ಪಟ್ಟಿಗೆ, ಅದೂ ಶಾಖ ತಡೆಯುವ ಬಗೆಯದು. ಎಲ್ಲ ಮುಗಿದ ಮೇಲೆ ಸಣ್ಣ ಉರಿ ಹಾಕಿ, ಊದುಬತ್ತಿ ಹಚ್ಚಿ ಪ್ರತಿ ಜೋಡಣೆಯ ಹತ್ತಿರ ಹಿಡಿಯಿರಿ. ಅದರ ಹೊಗೆ ಒಳಗೆ ಎಳೆದುಕೊಂಡರೆ ಅಲ್ಲಿ ಸಂದಿದೆ, ಹೊರಗೆ ತಳ್ಳಿದರೆ ಮೇಲೆಲ್ಲೋ ಇನ್ನೂ ಕಟ್ಟಿಕೊಂಡಿದೆ.

ಗೋಡೆಯ ಮೇಲೆ ನೀರು ಇಳಿಯುತ್ತಿದ್ದರೆ ಹೆಂಚು ರಿಪೇರಿಗೆ ಹೇಳುವ ಮುಂಚೆ ಬಟ್ಟೆಯಲ್ಲಿ ಒರೆಸಿ ಮೂಸಿ. ಅಂಟಂಟಾಗಿ ಡಾಂಬರು ವಾಸನೆ ಇದ್ದರೆ ಒಳಗಿನ ನೀರು, ಮದ್ದು ಸೌದೆ ಕೊಟ್ಟಿಗೆಯಲ್ಲಿದೆ. ವಾಸನೆಯಿಲ್ಲದ ತೆಳು ನೀರಾದರೆ ಮಳೆಯದು.

ಉರಿಸುವ ಕ್ರಮದ ಬಗ್ಗೆ ಒಂದೇ ಮಾತು. ರಾತ್ರಿ ದಪ್ಪ ಬೊಡ್ಡೆ ತುಂಬಿ, ಗಾಳಿಬಾಯಿ ಪೂರ್ತಿ ಮುಚ್ಚಿ, ಬೆಳಗಿನವರೆಗೆ ಕೆಂಡ ಉಳಿಸಿಕೊಳ್ಳುವ ಅಭ್ಯಾಸ ಹಸಿ ಸೌದೆಯಷ್ಟೇ ಕೆಟ್ಟದ್ದು. ಇನ್ನೂ ದೊಡ್ಡ ಅಪಾಯ ಇಂಗಾಲದ ಮಾನಾಕ್ಸೈಡ್. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಳೆಗೆ ಕಿಟಕಿಯೆಲ್ಲ ಮುಚ್ಚಿದ ಮನೆಯಲ್ಲಿ ಒಟ್ಟಿಗೇ ಎಲ್ಲರಿಗೂ ತಲೆನೋವು, ವಾಕರಿಕೆ ಬಂದರೆ ಜ್ವರದ ಮಾತ್ರೆ ಹುಡುಕುತ್ತಾ ಕೂರದೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ. ಮಲಗುವ ಕೋಣೆಯ ಹತ್ತಿರ ಅದರ ಅಲಾರಂ ಒಂದು ಇರಲಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಒಲೆ ಉರಿಯುವಾಗ ಹಾಕಬೇಡಿ. ಹೊರಗಿಂದ ಗಾಳಿ ಬರಲು ದಾರಿ ಇಲ್ಲದಿದ್ದರೆ ಅದು ಕೊಳವೆಯಿಂದಲೇ ಗಾಳಿ ಎಳೆಯುತ್ತದೆ.

ಕೊಳವೆಗೆ ಬೆಂಕಿ ಹಿಡಿದರೆ ಮೊದಲು ಸದ್ದು ಕೇಳುತ್ತದೆ, ದೂರದಲ್ಲಿ ಲಾರಿ ಏರು ಹತ್ತುವಂಥ ಗುಂಯ್ ಸದ್ದು. ಪೈಪು ನಡುಗುತ್ತದೆ, ಟೋಪಿಯಿಂದ ಕಿಡಿ ಹಾರುತ್ತದೆ. ಒಲೆಯ ಬಾಗಿಲು, ಗಾಳಿಬಾಯಿ ಎರಡೂ ಮುಚ್ಚಿ. ಬಾಗಿಲಿಲ್ಲದ ಒಲೆಯಾದರೆ ಒದ್ದೆ ಮರಳೋ ಮಣ್ಣೋ ಹಾಕಿ ಉರಿ ಮುಚ್ಚಿ. ಮನೆಯವರನ್ನು ಹೊರಗೆ ಕಳಿಸಿ, 101 ಅಥವಾ 112ಕ್ಕೆ ಫೋನ್ ಮಾಡಿ. ಕೊಳವೆಯೊಳಗೆ ನೀರು ಸುರಿಯಬೇಡಿ. ಕೆಂಪಗೆ ಕಾದ ಪೈಪು ಸೀಳುತ್ತದೆ, ಹಬೆ ಸಿಡಿದು ಕೆಳಗಿನವರ ಮೈ ಸುಡುತ್ತದೆ. ನೀರು ಹಾಕುವುದಾದರೆ ಪಕಾಸಿ, ಹಲಗೆಗಳಿಗೆ ಹಾಕಿ. ಸದ್ದು ನಿಂತ ಮೇಲೂ ಎರಡು ಮೂರು ಗಂಟೆ ಅಟ್ಟವನ್ನು ಕಾಯಿರಿ. ಕೊಳವೆ ಪೂರ್ತಿ ಬಿಚ್ಚಿ ನೋಡುವವರೆಗೆ ಆ ಒಲೆ ಹಚ್ಚುವಂತಿಲ್ಲ.

ಸಭೆಯ ಪ್ರಶ್ನೆಗಳು

‘ಉರಿಗೆ ಒಂದು ಹಿಡಿ ಉಪ್ಪು ಹಾಕಿದರೆ ಮಸಿ ಉದುರುತ್ತದೆ ಅಂತ ನಮ್ಮ ಅಜ್ಜಿ ಹೇಳ್ತಿದ್ರು?’

ಕಟ್ಟಿದ ಡಾಂಬರು ಅದರಿಂದ ಉದುರುವುದಿಲ್ಲ. ಉಪ್ಪಿನ ಕ್ಲೋರಿನ್ ತಗಡನ್ನು ಬೇಗ ತಿನ್ನುತ್ತದೆ, ಅಷ್ಟೇ ಲಾಭ. ಅಜ್ಜಿಯ ಕಾಲದಲ್ಲಿ ಹೊಗೆ ಹೆಂಚಿನ ಸಂದಿಯಿಂದ ಹೋಗುತ್ತಿತ್ತು, ಹಾಳಾಗಲು ತಗಡೇ ಇರಲಿಲ್ಲ. ಹಾಲಿನ ಪ್ಯಾಕೆಟ್ಟು, ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರು ಇವನ್ನೂ ಒಲೆಗೆ ಹಾಕಬೇಡಿ.

‘ನಮ್ಮದು ಹೊಗೆಕೊಳವೆಯೊಳಗೆ ತಾಮ್ರದ ಕಾಯಿಲ್ ಇಟ್ಟು ನೀರು ಕಾಯಿಸುವ ವ್ಯವಸ್ಥೆ. ತಿಂಗಳಿಗೇ ಕಟ್ಟಿಕೊಳ್ಳುತ್ತದೆ.’

ಕಾಯಿಲ್ ಹೊಗೆಯ ಶಾಖ ಎಳೆದುಕೊಳ್ಳುವುದರಿಂದ ಅದರ ಮೇಲಿನ ಕೊಳವೆ ಸದಾ ತಣ್ಣಗೆ. ನಿಮಗೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬ್ರಷ್ ತಪ್ಪದು. ಕಾಯಿಲನ್ನು ಕೊಳವೆಯಿಂದ ತೆಗೆದು ಒಲೆಯ ಗೋಡೆಗೆ ಹೊಂದಿಸಲು ಬಂದರೆ ಒಳ್ಳೆಯದು. ಹೇಗೇ ಇದ್ದರೂ ನೀರಿನ ಸಾಲಿನಲ್ಲಿ ತೆರೆದ ಗಾಳಿಕೊಳವೆ ಇರಲೇಬೇಕು. ಎರಡೂ ಕಡೆ ವಾಲ್ವ್ ಮುಚ್ಚಿ ಕೆಳಗೆ ಉರಿ ಹಾಕಿದರೆ ಕಾಯಿಲ್ ಸಿಡಿಯುತ್ತದೆ.

‘ಸಿಮೆಂಟ್ ಪೈಪಿಗೆ ಬಿರುಕು ಬಂದಿದೆ, ಗಾರೆ ಹಾಕಿ ಮುಚ್ಚಬಹುದೇ?’

ಬೇಡ, ಬದಲಾಯಿಸಿ. ಹಳೇ ಸಿಮೆಂಟ್ ಪೈಪುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಕೊಳವೆಗೆ ಬೆಂಕಿ ಹಿಡಿದರೆ ಅವು ಸಿಡಿದು ಚೂರಾಗುತ್ತವೆ. ತೆಗೆಯುವಾಗ ನೀರು ಚಿಮುಕಿಸಿ ಒದ್ದೆ ಮಾಡಿ, ಗರಗಸ ಹಾಕದೆ ಇಡಿಯಾಗಿ ಇಳಿಸಿ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಅಲ್ಲಿಯವರೆಗೂ ಅದಕ್ಕೆ ತಂತಿ ಬ್ರಷ್ ಹಾಕಬೇಡಿ, ನೈಲಾನ್ ಸಾಕು.

‘ಬೆಳಿಗ್ಗೆ ಮೊದಲ ಸಲ ಹಚ್ಚಿದಾಗ ಮಾತ್ರ ಹೊಗೆ ಒಳಗೆ ಬರುತ್ತದೆ. ಹತ್ತು ನಿಮಿಷಕ್ಕೆ ಸರಿಹೋಗುತ್ತದೆ.’

ಕೊಳವೆಯೊಳಗೆ ತಣ್ಣನೆ ಗಾಳಿ ಬೆಣೆಯಂತೆ ಕೂತಿರುತ್ತದೆ. ಟೀಯ ಮುಚ್ಚಳ ತೆಗೆದು, ಒಂದು ಹಾಳೆ ಪೇಪರ್ ಉಂಡೆ ಮಾಡಿ ಅಲ್ಲೇ ಉರಿಸಿ, ಮುಚ್ಚಳ ಹಾಕಿ, ಆಮೇಲೆ ಒಲೆ ಹಚ್ಚಿ. ಗಾಳಿ ಬೀಸುವ ಕಡೆಯ ಕಿಟಕಿ ಎರಡು ಬೆರಳಿನಷ್ಟು ತೆರೆದಿರಲಿ.

‘ಆರು ತಿಂಗಳು ಬಳಸದ ಔಟ್‌ಹೌಸಿನ ಕೊಳವೆಯಲ್ಲಿ ತುಡುವೆ ಜೇನು ಕೂತಿದೆ. ಹೊಗೆ ಹಾಕಿದರೆ ಹೋಗುತ್ತದಲ್ಲಾ?’

ಹೊಗೆಗೆ ನೊಣ ಹೋದರೂ ಎರಿ ಒಳಗೇ ಉಳಿಯುತ್ತದೆ. ಮೇಣ ಕರಗಿ ಇಳಿದರೆ ಅದೂ ಉರಿಯುವ ವಸ್ತುವೇ, ಒಳಗೆ ಉಳಿದ ಜೇನಿಗೆ ಇರುವೆ ಮುತ್ತುತ್ತದೆ. ಕೊಡಗಿನಲ್ಲಿ ಜೇನು ಸಾಕುವವರಿಗೆ ಬರವಿಲ್ಲ. ಅವರನ್ನು ಕರೆಸಿ, ಸಂಜೆ ಹೊತ್ತು ರಾಣಿ ಸಮೇತ ಪೆಟ್ಟಿಗೆಗೆ ಇಳಿಸಿಕೊಳ್ಳಲು ಹೇಳಿ. ಆಮೇಲೆ ಪೈಪು ಬಿಚ್ಚಿ, ಬಿಸಿನೀರಿನಲ್ಲಿ ಮೇಣ ತೊಳೆದು, ಬಿಸಿಲಿಗಿಟ್ಟು ಒಣಗಿಸಿ ಜೋಡಿಸಿ. ಮುಂದೆ ಒಲೆ ಹಚ್ಚದ ತಿಂಗಳುಗಳಲ್ಲಿ ಟೀಯ ಮುಚ್ಚಳ ಹಾಕಿ, ಟೋಪಿಯ ಕೆಳಗೆ ಸಣ್ಣ ಕಣ್ಣಿನ ಬಲೆ ಸುತ್ತಿಡಿ. ಒಲೆ ಹಚ್ಚುವ ಮೊದಲು ಅದನ್ನು ತೆಗೆಯಲು ಮರೆಯದ ಹಾಗೆ, ಒಲೆಯ ಬಾಗಿಲಿಗೆ ಒಂದು ಕೆಂಪು ಬಟ್ಟೆ ಕಟ್ಟಿ.